ಪುಟದ ಅಂಚು

ನನ್ನ ಸೊಸೆ ನನ್ನ ಕಣ್ಣಿಗೆ ಮಣ್ಣೆರಚಿದಳು, ಅದೂ ನನ್ನ ಪಕ್ಕದ ಕುರ್ಚಿಯಲ್ಲೇ ಕೂತುಕೊಂಡು. ನಾವಿಬ್ಬರೂ ಕೆಲಸ ಮಾಡುವುದು ಒಂದೇ ಕಡೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ ಕೊಂಡಾಗ ಡಬ್ಬಿಯೊಳಗೆ ಒಂದು ಪುಟ್ಟ ಪುಸ್ತಕ ಬರುತ್ತದಲ್ಲ, ಯಾರೂ ಓದದೆ ಮೂಲೆಗೆ ಎಸೆಯುತ್ತಾರಲ್ಲ, ಅದನ್ನು ತಯಾರಿಸುವ ಕಚೇರಿ. ಅವಳು ಕಂಪ್ಯೂಟರಿನಲ್ಲಿ ಪುಟ ಕಟ್ಟುತ್ತಾಳೆ, ನಾನು ತಪ್ಪು ತಿದ್ದುತ್ತೇನೆ. ಮನೆಯಲ್ಲೂ ಅದೇ ವ್ಯವಸ್ಥೆ ಎಂದು ನನ್ನ ಮಗ ತಮಾಷೆ ಮಾಡುತ್ತಾನೆ. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ ಅವನು, ಅಷ್ಟಾದರೂ ಮಾತಾಡಲಿ ಪಾಪ.

ಕಚೇರಿಯಲ್ಲಿ ನನಗೆ ಹದ್ದಮ್ಮ ಎಂದು ಹೆಸರು. ನನ್ನೆದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ನನಗೆ ಗೊತ್ತು, ಗೊತ್ತಿದ್ದು ಒಳಗೊಳಗೇ ಖುಷಿಪಟ್ಟಿದ್ದೇನೆ. ನನ್ನ ಕೈ ದಾಟಿ ಹೋದ ಪುಟದಲ್ಲಿ ತಪ್ಪು ಉಳಿಯುವುದಿಲ್ಲ ಎಂದು ಗಿರಾಕಿಗಳೇ ಹೇಳುತ್ತಿದ್ದರು. ಇಷ್ಟು ವರ್ಷ ಆ ಮಾತಿನ ಮೇಲೆಯೇ ಬದುಕಿದವಳು ನಾನು.

ಹೋದ ವರ್ಷ ಅಕ್ಷರಗಳು ಸಣ್ಣಗಾಗತೊಡಗಿದವು. ನಾನು ಮೊದಲು ಕಂಪ್ಯೂಟರನ್ನು ಬೈದೆ, ಆಮೇಲೆ ದೀಪವನ್ನು ಬೈದೆ, ಕೊನೆಗೆ ಪುಟ ಕಟ್ಟಿದವಳನ್ನೂ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೊಸೆ ಎದುರಾಡಲಿಲ್ಲ. ನಾನು ಪರದೆಗೆ ಮೂಗು ತಾಗಿಸಿ ಕೂರುವುದನ್ನು ಅವಳು ನೋಡಿದ್ದಳು.

"ಅತ್ತೆ, ಕಣ್ಣಿನ ಡಾಕ್ಟರ್ ಹತ್ರ ದಿನ ತಗೊಂಡಿದ್ದೀನಿ. ಬೇಗ ಸಿಗಲಿಲ್ಲ, ಮುಂದಿನ ತಿಂಗಳು ಹೋಗೋಣ" ಎಂದಳು.

"ನನ್ನ ಕಣ್ಣಿಗೇನಾಗಿದೆ ದಾಡಿ? ಹಳೇ ಕನ್ನಡಕ, ಅಷ್ಟೇ" ಎಂದು ರೇಗಿದೆ. ಅಂಗಡಿಗೆ ಹೋಗಿ ಹೊಸ ಕನ್ನಡಕ ಮಾಡಿಸಿಕೊಂಡು ಬಂದೆ.

ಆಹಾ, ಏನು ಕನ್ನಡಕ! ಮಾರನೆಯ ದಿನ ಕಚೇರಿಯಲ್ಲಿ ಕಡತ ತೆರೆದರೆ ಅಕ್ಷರಗಳು ದಪ್ಪ ದಪ್ಪ, ಗುಂಡು ಗುಂಡು. ಪುಟ ಸರಿಯಾಗಿ ಪರದೆಯ ನಡುವೆ ಬಂದು ನಿಂತಿತ್ತು. ನಾನು ಖುಷಿಯಿಂದ ಹಾಡೊಂದನ್ನು ಗುನುಗಿದೆ ಎಂದು ಸೊಸೆ ಈಗಲೂ ಹೇಳುತ್ತಾಳೆ. ಆ ವಾರವೇ ನಾನು ಡಾಕ್ಟರ ಕಡೆಯವರಿಗೆ ಫೋನು ಮಾಡಿ, ನಾವು ಬರುವುದಿಲ್ಲ, ಆ ದಿನವನ್ನು ಬೇರೆಯವರಿಗೆ ಕೊಡಿ ಎಂದುಬಿಟ್ಟೆ. ಸೊಸೆಗೆ ಹೇಳಿದಾಗ ಅವಳ ಮುಖ ಒಂದು ಥರ ಆಯಿತು. ಅವಳ ಮಾತು ಕೇಳಲಿಲ್ಲವೆಂದು ಸಿಟ್ಟಿರಬೇಕು ಎಂದುಕೊಂಡೆ.

ಹೀಗೇ ತಿಂಗಳುಗಳು ಕಳೆದವು. ನಡುವೆ ಮನೆಯಲ್ಲಿ ಒಂದೆರಡು ಲೋಟ ಒಡೆದೆ. ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡೆ. ವಯಸ್ಸಾಯಿತಲ್ಲ, ಕೈಕಾಲು ಹೇಳಿದ ಮಾತು ಕೇಳುವುದಿಲ್ಲ ಎಂದು ನಾನೇ ಸಮಾಧಾನ ಹೇಳಿಕೊಂಡೆ.

ಆಮೇಲೆ ಮಿಕ್ಸಿಯ ಪುಸ್ತಕ ಬಂತು. ಪುಟದ ನಡುವೆ ಬಳಸುವ ಕ್ರಮ, ಬಲಗಡೆ ಅಂಚಿನಲ್ಲಿ ಸಣ್ಣ ಚೌಕದೊಳಗೆ ಎಚ್ಚರಿಕೆ. ನಾನು ತಿದ್ದಿ ಕಳಿಸಿದೆ. ಎರಡು ದಿನ ಬಿಟ್ಟು ಕಚೇರಿಯ ಯಜಮಾನರು ಕಾಗದ ಹಿಡಿದುಕೊಂಡು ನಮ್ಮ ಮೇಜಿನ ಹತ್ತಿರ ಬಂದರು. ಕೂಗುವ ಮನುಷ್ಯನಲ್ಲ. ಅವತ್ತು ದನಿ ನಡುಗುತ್ತಿತ್ತು.

"ಏನಮ್ಮಾ ಇದು? ಪ್ಲಗ್ ಹಾಕಿದ ಮೇಲೇ ಬ್ಲೇಡ್ ಮುಟ್ಟಬೇಕು ಅಂತ ಇದೆ. ಗಿರಾಕಿ ಕಡೆಯವರು ನೋಡಿದ್ದಕ್ಕೆ ಬಚಾವ್. ಅಚ್ಚಾಗಿದ್ರೆ ಎಷ್ಟು ಜನರ ಬೆರಳು ಹೋಗ್ತಿತ್ತು?"

ಕಾಗದ ಇಸಕೊಂಡು ನೋಡಿದೆ. 'ತೆಗೆದ ಮೇಲೇ' ಎಂದಿರಬೇಕಾದ ಕಡೆ 'ಹಾಕಿದ ಮೇಲೇ' ಎಂದಿತ್ತು. ಆ ಚೌಕವನ್ನು ನಾನು ಓದಿಯೇ ಇರಲಿಲ್ಲ. ಅದು ಅಲ್ಲಿತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಸೊಸೆ ಎದ್ದು ನಿಂತಳು. "ಸಾರ್, ತಪ್ಪು ನಂದು. ಅತ್ತೆ ಕಂಪ್ಯೂಟರಿಗೆ ನಾನೊಂದು ಮ್ಯಾಕ್ರೋ ಹಾಕಿದ್ದೆ. ಅದರಿಂದ ಅಂಚು ಪರದೆಯಿಂದ ಆಚೆ ಹೋಗಿದೆ."

ಮ್ಯಾಕ್ರೋ ಏನೆಂದು ನನಗೆ ಆಗ ಗೊತ್ತಿರಲಿಲ್ಲ. ನಾವು ದಿನಾ ಕೈಯಲ್ಲಿ ಮಾಡುವ ಕೆಲಸವನ್ನು ಒಂದು ಸಲ ಬರೆದಿಟ್ಟರೆ ಕಂಪ್ಯೂಟರು ತಾನೇ ಮಾಡುತ್ತದಂತೆ. ಅವಳು ಬರೆದಿಟ್ಟದ್ದು ಇಷ್ಟು: ನಾನು ಯಾವ ಕಡತ ತೆರೆದರೂ ಅದು ನೂರಕ್ಕೆ ನೂರಾ ಎಂಬತ್ತರಷ್ಟು ದೊಡ್ಡದಾಗಬೇಕು, ಬರಹ ಪರದೆಯ ನಡುವೆ ಬಂದು ನಿಲ್ಲಬೇಕು. ಮುಚ್ಚುವಾಗ ಮತ್ತೆ ನೂರಕ್ಕೆ ಇಳಿಯಬೇಕು. ಇಲ್ಲದಿದ್ದರೆ ಆ ಅಳತೆ ಕಡತದ ಜೊತೆಗೇ ಉಳಿದು, ಬೇರೆಯವರು ತೆರೆದಾಗ ಹದ್ದಮ್ಮನ ಗುಟ್ಟು ರಟ್ಟಾಗುತ್ತಿತ್ತು.

ಅಂದರೆ ಆ ಕನ್ನಡಕ? ಅದರ ಮಹಿಮೆ? ಎಲ್ಲ ಇವಳದ್ದು.

ಯಜಮಾನರು ಇಬ್ಬರನ್ನೂ ಒಂದು ಸಲ ನೋಡಿದರು. "ಇನ್ನೊಂದು ಸಲ ಹೀಗಾದ್ರೆ ಅಮ್ಮನ ಕೈಗೆ ಪುಟ ಕೊಡೋಕಾಗಲ್ಲ" ಎಂದು ಹೋದರು. ನನಗೆ ಹೇಳಬೇಕಾದದ್ದನ್ನು ಅವಳಿಗೆ ಹೇಳಿದ್ದು ಇನ್ನೂ ನೋವಾಯಿತು.

ಆ ಸಂಜೆ ಮನೆಯಲ್ಲಿ ಮುಖ ತಿರುಗಿಸಿಕೊಂಡು ಓಡಾಡಿದೆ. ಅವಳು ತಟ್ಟೆ ತೊಳೆಯುತ್ತಿದ್ದಾಗ ತಡೆಯಲಾಗಲಿಲ್ಲ.

"ನನ್ನನ್ನೇನು ಕುರುಡಿ ಅಂದ್ಕೊಂಡಿದ್ದೀಯಾ? ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಡಾಕ್ಟರ್ ಹತ್ರ ಹೋಗೋ ದಿನದವರೆಗೆ ಅಂತ ಹಾಕಿದ್ದೆ ಅತ್ತೆ. ಅಷ್ಟರೊಳಗೆ ಸಾರ್‌ಗೆ ಗೊತ್ತಾಗಿ ನಿಮ್ಮ ಕೆಲಸ ಹೋದ್ರೆ ಅನ್ನೋ ಭಯ. ಆಮೇಲೆ ನೀವೇ ಬೇಡ ಅಂದ್ಬಿಟ್ರಿ. ಕನ್ನಡಕ ತೆಗೆದು ಎಲ್ಲರಿಗೂ ತೋರಿಸ್ಕೊಂಡು ಓಡಾಡ್ತಿದ್ರಿ. ಅಷ್ಟು ಖುಷಿಯಾಗಿದ್ರಿ. ಹೇಗೆ ಹೇಳಲಿ?"

ಸಿಟ್ಟು ಎಲ್ಲಿ ಹೋಯಿತೋ, ನಾಚಿಕೆ ಮಾತ್ರ ಉಳಿಯಿತು. ಆದರೂ ಸೋಲೊಪ್ಪುವ ಜಾಯಮಾನ ನನ್ನದಲ್ಲ. "ನಾಳೆ ಅದನ್ನ ತೆಗೀ" ಎಂದೆ.

ತೆಗೆದಳು. ಪರದೆಯ ತುಂಬ ಇರುವೆ ಸಾಲು. ನಾನು ಕನ್ನಡಕ ಏರಿಸಿದೆ, ಇಳಿಸಿದೆ, ಒರೆಸಿದೆ. ಅರ್ಧ ಗಂಟೆಯಾದರೂ ಒಂದು ಸಾಲೂ ಮುಗಿಯಲಿಲ್ಲ. "ಆಯ್ತು, ಹಾಕು. ಆದ್ರೆ ಅಂಚು ಕಾಣೋ ಹಾಗೆ ಹಾಕು" ಎಂದೆ.

ಅವಳು ಮ್ಯಾಕ್ರೋ ತೆರೆದು ಒಂದು ಸಂಖ್ಯೆ ಬದಲಾಯಿಸಿದಳು. ಪುಟ ಸ್ವಲ್ಪ ಚಿಕ್ಕದಾಯಿತು, ಆದರೂ ಓದುವಷ್ಟಿತ್ತು. ಎಡದ ಅಂಚಿನಿಂದ ಬಲದ ಅಂಚಿನವರೆಗೆ ಇಡೀ ಪುಟ ಪರದೆಯ ಮೇಲೆ ಬಂತಂತೆ. ಅದೇ ಮಿಕ್ಸಿಯ ಪುಸ್ತಕದ ಇನ್ನೊಂದು ಪುಟ ತೆರೆದಳು. ನಾನು ಮೈಯೆಲ್ಲ ಕಣ್ಣಾಗಿ ಓದಿದೆ. ಮೂರು ತಪ್ಪು ಹಿಡಿದೆ, ಗೆದ್ದೆ ಎಂದುಕೊಂಡು ಕುರ್ಚಿಗೊರಗಿದೆ.

"ಮುಗೀತಾ ಅತ್ತೆ?"

"ಮುಗೀತು. ಇನ್ನೇನಿದೆ?"

ಬಲ ಅಂಚಿನಲ್ಲಿ ಇನ್ನೊಂದು ಎಚ್ಚರಿಕೆಯ ಚೌಕ ಹಾಗೇ ಉಳಿದಿತ್ತಂತೆ. ಅವಳು ಕುರ್ಚಿ ಹತ್ತಿರಕ್ಕೆಳೆದುಕೊಂಡಳು. "ನಡುವಿನ ಈ ಪದ ಇದೆಯಲ್ಲ, ಅದನ್ನೇ ನೋಡ್ತಿರಿ. ಕಣ್ಣು ಆಡಿಸಬೇಡಿ. ನನ್ನ ಬೆರಳು ಕಾಣ್ತಿದೆಯಾ?"

"ಯಾವ ಬೆರಳು?"

"ಪರದೆ ಮೇಲೆ ಇಟ್ಟಿದ್ದೀನಿ."

"ತಮಾಷೆ ಮಾಡ್ಬೇಡ ಕಣೆ."

ಬೆರಳು ಮೆಲ್ಲಗೆ ಸರಿಯುತ್ತಾ ಬಂದಿರಬೇಕು. ನಾನು ನೋಡುತ್ತಿದ್ದ ಪದದ ಮಗ್ಗುಲಲ್ಲೇ ಇದ್ದಕ್ಕಿದ್ದಂತೆ ಅವಳ ಉಗುರು ಮೂಡಿತು, ಗಾಳಿಯಿಂದ ಬಂದ ಹಾಗೆ. ನಾನು ಬೆಚ್ಚಿಬಿದ್ದೆ. ಅವಳು ನನ್ನ ಕಂಪ್ಯೂಟರನ್ನು ಆರಿಸಿ, ನನ್ನ ಕೈಚೀಲ ತಂದು ಕೈಗೆ ಕೊಟ್ಟಳು. ನಾನು ಅವಳ ಹಿಂದೆ ಹೊರಟೆ.

ದಿನ ತಗೊಳ್ಳದೆ ಹೋದದ್ದಕ್ಕೆ ಕಣ್ಣಾಸ್ಪತ್ರೆಯಲ್ಲಿ ಬಹಳ ಹೊತ್ತು ಕಾಯಿಸಿ, ಆಮೇಲೆ ಒಂದು ಬಟ್ಟಲಿನಂಥ ಯಂತ್ರದೊಳಗೆ ಮುಖ ಇಡಿಸಿದರು. ಕೈಗೊಂದು ಗುಂಡಿ. ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಿಯಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು. ಸುಲಭದ ಕೆಲಸ. ನಾನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದೆ. ಒಂದೆರಡು ಸಲ ಮಿನುಗಿತು, ಒತ್ತಿದೆ. ಮತ್ತೆ ಕಾದೆ. ಯಂತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು, ಬೆಳಕು ಮಾತ್ರ ಬರಲಿಲ್ಲ.

"ಇದು ಕೆಟ್ಟಿದೆ ಕಣಮ್ಮ" ಎಂದೆ ಪಕ್ಕದಲ್ಲಿದ್ದ ಹುಡುಗಿಗೆ.

"ಇಲ್ಲಮ್ಮ, ಬರ್ತಾ ಇದೆ" ಎಂದಳು. ಅವಳು ಅದನ್ನು ಎಷ್ಟು ಮೆತ್ತಗೆ ಹೇಳಿದಳೆಂದರೆ ನನಗೆ ಅಲ್ಲಿಯೇ ಅರ್ಥವಾಯಿತು.

ಡಾಕ್ಟರು ಒಂದು ಹಾಳೆ ತೋರಿಸಿದರು. ನಡುವೆ ಒಂದು ಸಣ್ಣ ಬಿಳಿ, ಸುತ್ತಲೂ ಕಪ್ಪು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸಾಯುತ್ತಾ ಬಂದಿದೆ, ಈ ಕಾಯಿಲೆ ಅಂಚಿನಿಂದಲೇ ತಿನ್ನುತ್ತಾ ಬರುತ್ತದೆ, ನೋವಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ. ಹೋದದ್ದು ಬರುವುದಿಲ್ಲ. ದಿನಾ ತಪ್ಪದೆ ಹನಿ ಹಾಕಿಕೊಂಡರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು.

ಸೊಸೆ ಕೇಳಬಾರದ್ದನ್ನು ಕೇಳಿದಳು. "ಮೊದಲು ಹೇಳಿದ್ದ ದಿನಾನೇ ಬಂದಿದ್ರೆ?"

ಡಾಕ್ಟರು ಹಾಳೆ ಮಡಿಸಿದರು. "ಇಷ್ಟು ಹೋಗ್ತಿರಲಿಲ್ಲ."

"ರದ್ದು ಮಾಡಿದ್ದು ನಾನು ಡಾಕ್ಟ್ರೇ, ಇವಳಲ್ಲ" ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳದಿದ್ದರೂ ಅದನ್ನು ಅಲ್ಲಿಯೇ, ಅವಳೆದುರಿಗೇ ಹೇಳಬೇಕು ಅನ್ನಿಸಿತು.

ಹೊರಗೆ ಬೀದಿಯಲ್ಲಿ ಬಿಸಿಲು ಚೆನ್ನಾಗಿತ್ತು. ಬಸ್ ನಿಲ್ದಾಣದವರೆಗೆ ನಡೆಯೋಣ ಎಂದೆ. ನಾನು ಮಾತಾಡುತ್ತಲೇ ಇದ್ದೆ. ಯಜಮಾನರಿಗೆ ನಾನೇ ಹೇಳುತ್ತೇನೆ, ಪುಟ ತಿದ್ದುವುದನ್ನು ಬಿಡುತ್ತೇನೆ, ಯಾರದೋ ಬೆರಳು ಕತ್ತರಿಸಿ ನನಗೆ ಹೆಸರು ಉಳಿಯಬೇಕಾಗಿಲ್ಲ. ಬಾಯಲ್ಲಿ ಹೇಳಿ ಬರೆಸುವ ಕೆಲಸ ಇದ್ದರೆ ಮಾಡುತ್ತೇನೆ, ಇಲ್ಲದಿದ್ದರೆ ಮನೆಯಲ್ಲಿ ಕೂತು ನಿನ್ನ ತಪ್ಪು ಹಿಡಿಯುತ್ತೇನೆ. ನನ್ನ ಸಂಕಟ ಅವಳಿಗೆ ತಿಳಿಯದಿರಲಿ ಎಂದು ಇನ್ನಷ್ಟು ಜೋರಾಗಿ ಮಾತಾಡಿದೆ. ನಾಲ್ಕು ಜನ ತಿರುಗಿ ನೋಡಿರಬೇಕು.

ಅವಳು ಒಂದು ಮಾತೂ ಆಡಲಿಲ್ಲ. ಏನಾದರೂ ಅನ್ನಲಿ, ರೇಗಲಿ, ಅತ್ತೆ ನಿಮ್ಮ ಹಟದಿಂದಲೇ ಹೀಗಾಯಿತು ಎನ್ನಲಿ ಎಂದು ಕಾದೆ. ಕೊನೆಗೆ ನಿಂತು, ಕುತ್ತಿಗೆಯನ್ನು ಪೂರ್ತಿ ಅವಳ ಕಡೆಗೆ ತಿರುಗಿಸಿದೆ.

ಅವಳ ಮುಖವೆಲ್ಲ ಒದ್ದೆಯಾಗಿತ್ತು, ಸೆರಗೂ ಒದ್ದೆಯಾಗಿತ್ತು. ಆಸ್ಪತ್ರೆಯ ಮೆಟ್ಟಿಲಿನಿಂದಲೂ ಹಾಗೇ ಬಂದಿದ್ದಳೋ ಏನೋ. ನನ್ನ ಭುಜಕ್ಕೆ ಭುಜ ತಾಗಿಸಿಕೊಂಡು ಅಷ್ಟು ದೂರ ಅಳುತ್ತಾ ನಡೆದಿದ್ದಾಳೆ, ನನಗೆ ಕಂಡಿಲ್ಲ.

ಆಗ ನನಗೆ ನಿಜವಾಗಿ ಭಯವಾಯಿತು. ಅವಳ ಕೈ ಹಿಡಿದು ಎಳೆದು ನನ್ನ ಮುಂದೆ ನಿಲ್ಲಿಸಿಕೊಂಡೆ.

"ಪಕ್ಕದಲ್ಲಿ ನಿಂತು ಅಳಬೇಡ ಕಣೆ" ಎಂದೆ. "ಅಳೋದಾದ್ರೆ ಇಲ್ಲಿ, ನನಗೆ ಕಾಣೋ ಕಡೆ ನಿಂತು ಅಳು."