ಎದೆಯಿಂದ ಬೆನ್ನಿಗೆ

"ಈಗ ನೋವು ಹತ್ತಕ್ಕೆ ಎಷ್ಟು?" ಎಂದು ತುರ್ತು ವಿಭಾಗದ ಡಾಕ್ಟರು ಕೇಳಿದರು. ಮಂಚದ ಮೇಲೆ ಕೂತಿದ್ದ ಬಡಗಿಗೆ ಮಗಳಾಗುವಷ್ಟು ವಯಸ್ಸು ಅವರದು.

"ಎರಡು ಅಂದ್ಕೊಳ್ಳಿ. ಎದೆನೋವು ಹೋಯ್ತು. ಮನೆಗೆ ಕಳಿಸಿಬಿಡಿ ಡಾಕ್ಟ್ರಮ್ಮ, ಒಂದು ಬಾಗಿಲಿನ ಕೆಲಸ ಅರ್ಧಕ್ಕೇ ನಿಂತಿದೆ."

"ಎಂಟು ಅಂತ ಬರ್ಕೊಳ್ಳಿ," ಎಂದಳು ಪಕ್ಕದಲ್ಲಿದ್ದ ಹೆಂಡತಿ.

ಮೂವತ್ತೊಂದು ವರ್ಷದಿಂದ ಅವಳದು ಇದೇ ಉಸಾಬರಿ. ಉಳಿ ಜಾರಿ ಹೆಬ್ಬೆರಳು ಸೀಳಿದಾಗಲೂ ಈ ಮಹಾರಾಯ ಅದನ್ನು ಗೀರು ಎಂದಿದ್ದ. ಅವನು ಹೇಳಿದ್ದನ್ನು ನಾಲ್ಕರಿಂದ ಗುಣಿಸಿದರೆ ನಿಜ ಸಿಗುತ್ತದೆ ಎಂಬುದು ಅವಳ ಅನುಭವ.

ಇಸಿಜಿಯಲ್ಲಿ ಅಂಥದ್ದೇನೂ ಕಾಣದಿದ್ದರೂ ಹೃದಯಾಘಾತವೇ ಇರಬಹುದೆಂದು ಡಾಕ್ಟರು ರಕ್ತ ತೆಳುವಾಗಿಸುವ ಇಂಜೆಕ್ಷನ್ ಬರೆದಿದ್ದರು. ನರ್ಸ್ ಸಿರಿಂಜ್ ಹಿಡಿದು ಬಂದೂ ಆಗಿತ್ತು.

"ಹೋಯ್ತು ಅಂತಾರಲ್ಲ, ಎಲ್ಲಿಗೆ ಹೋಯ್ತು ಕೇಳಿ," ಹೆಂಡತಿ ಬಿಡಲಿಲ್ಲ. "ಆಗಿಂದ ಬೆನ್ನನ್ನ ಮಂಚಕ್ಕೆ ತಾಗಿಸ್ತಾನೇ ಇಲ್ಲ."

ಡಾಕ್ಟರ ಪೆನ್ನು ನಿಂತಿತು. "ಶುರುವಾದಾಗ ಹೇಗಿತ್ತು? ನಿಜ ಹೇಳಿ."

"ಒಳಗೇನೋ ಪರ್ರಂತ ಹರಿದಂಗಾಯ್ತು," ಸಿಕ್ಕಿಬಿದ್ದವನ ಹಾಗೆ ಮುಖ ಮಾಡಿ ಬಡಗಿ ಒಪ್ಪಿಕೊಂಡ. "ಆಮೇಲೆ ಹಿಂದಕ್ಕೆ ಇಳೀತು."

ಡಾಕ್ಟರು ಎರಡೂ ತೋಳಿನ ಬಿಪಿ ತಾವೇ ನೋಡಿದರು. ಬಲದಲ್ಲಿ ನೂರೆಪ್ಪತ್ತು, ಎಡದಲ್ಲಿ ನೂರಿಪ್ಪತ್ತು; ಇಷ್ಟು ಅಂತರ ಇರುವಂತಿಲ್ಲ. "ಇಂಜೆಕ್ಷನ್ ಬೇಡ," ಎಂದರು ನರ್ಸ್‌ಗೆ. "ಸ್ಕ್ಯಾನಿಗೆ ಕರ್ಕೊಂಡು ಹೋಗಿ, ಈಗಲೇ."

ಅರ್ಧ ಗಂಟೆಯಲ್ಲಿ ಚಿತ್ರ ಬಂತು. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳದ ಒಳಪದರ ಹರಿದು, ಪದರಗಳ ನಡುವೆ ರಕ್ತ ನುಗ್ಗಿತ್ತು.

"ನೀರು ಹೊಕ್ಕು ಪ್ಲೈವುಡ್ ಬಿಟ್ಕೊಂಡಂಗೆ," ಎಂದ ಬಡಗಿ.

"ಹಾಗೇ. ಇದರಲ್ಲಿ ಎರಡು ಬಗೆ. ಕೆಳಗಡೆ ಮಾತ್ರ ಹರಿದಿದ್ರೆ ಸಾಮಾನ್ಯವಾಗಿ ಔಷಧಿಯಲ್ಲೇ ನಿಭಾಯಿಸ್ತೀವಿ. ಹೃದಯದ ಹತ್ತಿರ ಹರಿದಿದ್ರೆ ಕಾಯೋ ಹಾಗಿಲ್ಲ, ಆಪರೇಷನ್ನೇ."

"ಇವರದ್ದು?" ಎಂದಳು ಹೆಂಡತಿ.

ಡಾಕ್ಟರು ಬೆರಳಿಟ್ಟ ಜಾಗ ಹೃದಯಕ್ಕೆ ಅಂಟಿಕೊಂಡೇ ಇತ್ತು. "ಆ ಇಂಜೆಕ್ಷನ್ ಕೊಟ್ಟುಬಿಟ್ಟಿದ್ರೆ ಒಳಗೆ ರಕ್ತ ನಿಲ್ತಾನೇ ಇರ್ಲಿಲ್ಲ," ಎಂದ ಡಾಕ್ಟರು ಹೆಂಡತಿಯ ಕೈ ಹಿಡಿದರು. "ನೀವು ಬಾಯಿಬಿಟ್ಟಿದ್ದು ಒಳ್ಳೇದಾಯ್ತಮ್ಮ."

ಆಪರೇಷನ್ ಕೋಣೆಯ ಮುಂದೆ ಟ್ರಾಲಿ ನಿಂತಾಗ ಸರ್ಜನ್ ಬಂದು, "ಹೇಗಿದ್ದೀರಿ ಯಜಮಾನ್ರೇ?" ಎಂದರು. ಉತ್ತರಕ್ಕೆ ಹೆಂಡತಿ ಆಗಲೇ ಬಾಯಿ ತೆರೆದಿದ್ದಳು.

ಬಡಗಿ ನೋಡಿದ್ದು ಸರ್ಜನ್‌ರನ್ನಲ್ಲ, ಅವಳನ್ನು. "ತುಂಬಾ ಹೆದರಿಕೆ ಆಗ್ತಿದೆ ಕಣೇ," ಎಂದ.

ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅವಳಿಗೆ ಅವನ ಮೇಲೆ ಎಂದೂ ಇಲ್ಲದಷ್ಟು ಅಕ್ಕರೆ ಉಕ್ಕಿತು. ಬಾಗಿಲು ತೆರೆಯುವವರೆಗೂ ಬಗ್ಗಿ ನಿಂತು, ಅವನ ಕೂದಲಲ್ಲಿ ಸಿಕ್ಕಿಕೊಂಡಿದ್ದ ಮರದ ಹೊಟ್ಟನ್ನು ಒಂದೊಂದೇ ಚೂರಾಗಿ ಆರಿಸುತ್ತಿದ್ದಳು.