ಮಾವುತನ ಎಣಿಕೆ

ಹೊಸ ಚಪ್ಪಲಿ ಸದ್ದು ಮಾಡುತ್ತಿತ್ತು. ಹೆಜ್ಜೆಗೊಮ್ಮೆ ಕೀಚ್ ಎನ್ನುವ, ಇಲಿಮರಿ ತುಳಿದಂಥ ಸದ್ದು. ಸಂಜೆ ಕಾರ್ಯಕ್ರಮ ಮುಗಿದ ಮೇಲೆ ಅತಿಥಿ ಕಲಾವಿದೆಯರಿಬ್ಬರಿಗೂ ಹೂಗುಚ್ಛ ಕೊಡುವ ಕೆಲಸ ಅವಳ ಪಾಲಿಗೆ ಬಂದಿತ್ತು. ನಾನೂರು ಜನರೆದುರು, ಹಲಗೆ ಹಾಸಿದ ವೇದಿಕೆಯ ಮೇಲೆ, ಹನ್ನೆರಡು ಹೆಜ್ಜೆ. ಖಾಲಿ ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತು ಅವಳು ಮಡಿಲಲ್ಲಿದ್ದ ದಿನಚರಿಯಲ್ಲಿ ಬರೆದಳು: ‘ಯಾರಿಗೂ ಹೇಳುವಂಥದ್ದಲ್ಲ. ಒಂದು ಜೊತೆ ಚಪ್ಪಲಿ ನನ್ನ ನಿದ್ದೆ ಕೆಡಿಸಿದೆ ಅಂದರೆ ಅಮ್ಮ ನಕ್ಕಾಳು. ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದ್ದಾಳೆ, ಈಗ ಕಾಲಿಗೂ ಹಾಕಿಸಿ ಅಂದಾಳು.’

ವೇದಿಕೆಯ ಮೇಲೆ ಕೊನೆಯ ತಾಲೀಮು ನಡೆದಿತ್ತು. ಹದಿನಾಲ್ಕೇ ಜನರ ಪುಟ್ಟ ವಾದ್ಯವೃಂದ. ಕೋಲು ಹಿಡಿದು ಎದುರು ನಿಲ್ಲುವವರು ಇಲ್ಲಿ ಯಾರೂ ಇಲ್ಲ. ಎಲ್ಲರೂ ಮೇಷ್ಟ್ರು ಎಂದು ಕರೆಯುವ ಮುಖ್ಯ ಪಿಟೀಲುವಾದಕರೇ ಮುಂದಿನ ಕುರ್ಚಿಯಲ್ಲಿ ಕುಳಿತು, ನುಡಿಸುತ್ತಲೇ ಭುಜ ಕುಣಿಸಿ ಶುರು ಎನ್ನುತ್ತಾರೆ. ಆಮೇಲಿನ ಎಣಿಕೆ ಅವರವರದು. ಅತಿಥಿಗಳಾಗಿ ಬಂದ ಅಕ್ಕ ತಂಗಿ ನಡುವೆ ನಿಂತು ಪಿಟೀಲು ನುಡಿಸುತ್ತಿದ್ದರು, ಅಕ್ಕ ಕಣ್ಣು ಮುಚ್ಚಿಕೊಂಡು, ತಂಗಿ ಅಕ್ಕನ ಮುಖವನ್ನೇ ನೋಡುತ್ತ. ಅವರು ಊರಿಗೆ ಬಂದಿಳಿದದ್ದೇ ಹಿಂದಿನ ದಿನ. ಹಾಗಾಗಿ ಈ ಕೃತಿಯ ನಿಧಾನದ ಭಾಗವನ್ನು ಎಲ್ಲರೂ ಕೂಡಿ ನುಡಿಸುತ್ತಿರುವುದು ಇದೇ ಮೊದಲು.

ಆ ಭಾಗದಲ್ಲಿ ಒಂದು ಕಡೆ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ, ಅಕ್ಕ ತಂಗಿಯರ ಎರಡು ತಂತಿ ಮಾತ್ರ ಮಾತಾಡಿಕೊಳ್ಳುತ್ತವೆ. ಅವಳು ಪೆನ್ನು ನಿಲ್ಲಿಸಿ ಕೇಳುತ್ತಿದ್ದಳು. ಇದ್ದಕ್ಕಿದ್ದಂತೆ ಹಿಂದಿನಿಂದ ಡಬಲ್ ಬಾಸ್ ಎಂಬ ಭಾರೀ ಪಿಟೀಲಿನ ಗುಮ್ಮೆನ್ನುವ ದನಿ, ಯಾರದೋ ಗುಟ್ಟಿನ ನಡುವೆ ಬಾಗಿಲು ತಳ್ಳಿಕೊಂಡು ಬಂದವರ ಹಾಗೆ, ಒಳಗೆ ನುಗ್ಗಿತು.

ಎಲ್ಲರೂ ನಿಲ್ಲಿಸಿದರು.

“ಮಾವುತರೇ,” ಮೇಷ್ಟ್ರು ತಿರುಗದೆಯೇ ಹೇಳಿದರು, “ನಿಮ್ಮ ಆನೆ ಇವತ್ತು ಬೇಗ ಎದ್ದುಬಿಡ್ತು.”

ನಗೆ ಹರಡಿತು. ಆಳಿಗಿಂತ ಎತ್ತರದ ಆ ವಾದ್ಯವನ್ನು ಇಪ್ಪತ್ತಾರು ವರ್ಷದಿಂದ ಮೆಟ್ಟಿಲು ಹತ್ತಿಸಿ ಇಳಿಸುತ್ತ ಬಂದ ಮುದುಕನಿಗೆ ಮಾವುತ ಎನ್ನುವ ಹೆಸರು ಯಾವಾಗಲೋ ಅಂಟಿಕೊಂಡಿತ್ತು. ಅವರೂ ನಕ್ಕರು. “ಬಾಳೆಹಣ್ಣು ತೋರಿಸಿ ಮಲಗಿಸ್ತೀನಿ, ಇನ್ನೊಂದ್ಸಲ ಹೋಗೋಣ.”

ಇನ್ನೊಂದು ಸಲವೂ ಹಾಗೇ ಆಯಿತು. ಸರಿಯಾಗಿ ಅಷ್ಟೇ ಮುಂಚೆ. ಮೂರನೆಯ ಸಲ ಯಾರೂ ನಗಲಿಲ್ಲ. ಅಕ್ಕ ಕಮಾನು ಕೆಳಗಿಳಿಸಿ ಕಿಟಕಿಯ ಕಡೆ ನೋಡಿದರು. ತಂಗಿ ಮಾತ್ರ ಮೆತ್ತಗೆ ಕೇಳಿದರು: “ನಾವೇನಾದ್ರೂ ನಿಧಾನಕ್ಕೆ ಎಳೀತಿದ್ದೀವಾ ಸರ್?”

“ಇಲ್ಲಮ್ಮ, ನಂದೇ.” ಮಾವುತ ಹಣೆ ಒರೆಸಿಕೊಂಡರು. “ಎಣಿಸ್ತಾನೇ ಇದ್ದೀನಿ. ನಂದೇ ತಪ್ಪು.”

ಕೊನೆಯ ಸಾಲಿನಲ್ಲಿ ಅವಳು ದಿನಚರಿ ಮುಚ್ಚಿದಳು. ಅವರು ಎಣಿಸುತ್ತಿದ್ದ ಹಾಳೆ ಅವಳು ಬರೆದದ್ದು.

ಪದವಿ ಮುಗಿಸಿ ಅವಳು ಇಲ್ಲಿ ಸೇರಿ ಏಳು ತಿಂಗಳು. ಸಭಾಂಗಣದ ಹಿಂದಿನ ಕಿರುಕೋಣೆಯಲ್ಲಿ ಸ್ವರಹಾಳೆಗಳನ್ನು ಜೋಡಿಸಿಡುವುದು, ಹರಿದದ್ದಕ್ಕೆ ಅಂಟು ಹಚ್ಚುವುದು, ಒಬ್ಬೊಬ್ಬರ ಪಾಲಿನದನ್ನು ಅವರವರ ಸ್ಟ್ಯಾಂಡಿನ ಮೇಲಿಡುವುದು ಕೆಲಸ. ಮಾತಾಡದೆ ಮಾಡಬಹುದಾದ ಕೆಲಸ ಎಂದೇ ಒಪ್ಪಿಕೊಂಡಿದ್ದಳು. ಮೊನ್ನೆ ಮಾವುತ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಅಚ್ಚಾದ ಹಾಳೆಯನ್ನು ಮೇಜಿನ ಮೇಲಿಟ್ಟಿದ್ದರು.

“ಪುಟ್ಟಿ, ನಿನ್ನ ಅಕ್ಷರ ಮುತ್ತಿನ ಹಾಗಿದೆ. ಇದನ್ನ ಸ್ವಲ್ಪ ದಪ್ಪಕ್ಕೆ ಬರೆದು ಕೊಡ್ತೀಯಾ? ಇರುವೆ ಸಾಲು ಓದಿದ ಹಾಗಾಗುತ್ತೆ ನಂಗೆ. ಮೇಷ್ಟ್ರಿಗೆ ಮಾತ್ರ ಗೊತ್ತಾಗೋದು ಬೇಡ. ಕಣ್ಣು ಮಂಜಾಯ್ತು ಅಂದ್ರೆ ಆನೆ ಇಳೀರಿ ಅಂತಾರೆ.”

ಅವಳು ಎರಡು ದಿನ ಕೂತು ಬರೆದಳು. ಒಂದೊಂದು ಸ್ವರವೂ ಕಡಲೆಕಾಳಿನಷ್ಟು ದಪ್ಪ. ನೋಡಿ ಅವರು ಅವಳ ತಲೆ ಸವರಿದ್ದರು.

ಈಗ ಅವಳು ಕೋಣೆಗೆ ಓಡಿ, ಬೀರುವಿನಿಂದ ಎಲ್ಲ ವಾದ್ಯಗಳೂ ಒಟ್ಟಿಗಿರುವ ದೊಡ್ಡ ಪುಸ್ತಕ ತೆಗೆದಳು. ಎರಡು ಗೆರೆಗಳ ನಡುವಿನ ಒಂದೊಂದು ಖಾನೆಗೆ ಬಾರ್ ಎನ್ನುತ್ತಾರೆ. ವಾದ್ಯ ಸುಮ್ಮನಿರಬೇಕಾದ ಬಾರ್‌ಗಳನ್ನು ಒಂದೊಂದಾಗಿ ಬರೆಯುವುದಿಲ್ಲ, ದಪ್ಪ ಗೆರೆ ಎಳೆದು ಮೇಲೆ ಅಂಕಿ ಹಾಕುತ್ತಾರೆ. ಅಷ್ಟು ಎಣಿಸಿ ಒಳಗೆ ಬಾ ಎಂದು ಅರ್ಥ. ಬೆರಳಿಟ್ಟು ಎಣಿಸಿದಳು. ಈ ಪುಟದಲ್ಲಿ ಹತ್ತು. ತಿರುವಿದರೆ ಒಂಬತ್ತು. ಮತ್ತೆ ಎಣಿಸಿದಳು. ಅಚ್ಚಿನ ಹಾಳೆಯಲ್ಲಿ ಈ ಅಂಕಿ ಮಾಸಿದ್ದರಿಂದ ಬರೆಯುವ ದಿನವೂ ಇದೇ ಪುಸ್ತಕ ನೋಡಿ ಎಣಿಸಿದ್ದಳು; ಆಗ ಪುಟ ತಿರುವುವಾಗ ಕೊನೆಯ ಬಾರ್ ಎಣಿಸಿದೆನೋ ಇಲ್ಲವೋ ಎಂದು ಒಂದು ಕ್ಷಣ ಅನುಮಾನ ಬಂದದ್ದು, ಎಣಿಸಿರುತ್ತೇನೆ ಎಂದುಕೊಂಡು ಮುಂದೆ ಹೋದದ್ದು, ಎಲ್ಲ ನೆನಪಾಯಿತು. ಹತ್ತೊಂಬತ್ತು ಇರಬೇಕಾದಲ್ಲಿ ಅವಳು ಹದಿನೆಂಟು ಎಂದು ಬರೆದಿದ್ದಳು, ಚೆಂದದ ಅಕ್ಷರದಲ್ಲಿ.

ದಿನಚರಿ ತೆರೆದು ಬರೆದಳು: ‘ತಪ್ಪು ನನ್ನದು. ಮಾವುತ ಮಾಮ ಸರಿಯಾಗಿಯೇ ಎಣಿಸಿದರು. ಈಗಲೇ ಹೋಗಿ ಹೇಳಬೇಕು.’ ಕೆಳಗೆ ಗೆರೆಯನ್ನೂ ಎಳೆದಳು. ಬರೆದ ಮೇಲೆ ಹೇಳಿಯೇ ಬಿಟ್ಟಷ್ಟು ಹಗುರಾಯಿತು. ಅವಳ ಜೀವನದಲ್ಲಿ ಮೊದಲಿನಿಂದಲೂ ಹಾಗೇ.

ಊಟದ ಬಿಡುವಿನಲ್ಲಿ ಮಾವುತ ತಾವೇ ಬಂದರು. ಡಬ್ಬಿ ಬಿಚ್ಚದೆ ಮೇಜಿನ ಮೇಲಿಟ್ಟು, ಎದುರಿನ ಸ್ಟೂಲಿನ ಮೇಲೆ ಕುಳಿತರು. ಸ್ವಲ್ಪ ಹೊತ್ತು ತಮ್ಮ ಎಡಗೈಯ ಬೆರಳ ತುದಿಯಲ್ಲಿ ಜಡ್ಡುಗಟ್ಟಿದ್ದನ್ನು ಬಲಗೈಯಿಂದ ಉಜ್ಜುತ್ತಿದ್ದರು.

“ಮೇಷ್ಟ್ರ ಹತ್ರ ಮಾತಾಡಿ ಬಂದೆ. ಇವತ್ತಿಂದೇ ಕೊನೆ ಅಂತ ಹೇಳಿದೆ.”

ಅವಳು ತಲೆಯೆತ್ತಿದಳು.

“ಅವರೇನೂ ಅನ್ನಲಿಲ್ಲಮ್ಮ, ಒಳ್ಳೇ ಮನುಷ್ಯ. ಯೋಚನೆ ಮಾಡಿ ಅಂದ್ರು. ಯೋಚನೆ ಮಾಡೋಕೆ ತಲೆ ನೆಟ್ಟಗಿರಬೇಕಲ್ಲ!” ನಗಲು ನೋಡಿದರು. “ಕಣ್ಣಿನ ವಿಷಯ ಬೇರೆ. ಕಣ್ಣಿಗೆ ನೀನಿದ್ದೀಯ. ಇದು ಕಣ್ಣಲ್ಲ ಪುಟ್ಟಿ, ಎಣಿಕೆ. ನಮ್ಮಣ್ಣಂಗೂ ಹೀಗೇ ಶುರುವಾಗಿದ್ದು, ನನ್ನಷ್ಟೇ ವಯಸ್ಸಿಗೆ. ಕೊನೇಲಿ ಅತ್ತಿಗೇನ ನೋಡಿ, ಯಾರಮ್ಮ ನೀನು, ನಿಮ್ಮನೆಯವರು ಹುಡುಕಲ್ವಾ ಅಂತ ಕೇಳ್ತಿದ್ದ. ಅಷ್ಟು ಮರ್ಯಾದೆಯಿಂದ ಕೇಳ್ತಿದ್ದ.”

ಗೋಡೆಯಾಚೆ ಅಕ್ಕ ತಂಗಿ ಫ್ಯಾನಿನ ವಿಷಯಕ್ಕೆ ಜಗಳವಾಡುವುದು ಕೇಳುತ್ತಿತ್ತು. ಒಬ್ಬರಿಗೆ ಸೆಕೆ, ಒಬ್ಬರಿಗೆ ಗಾಳಿ ಆಗದು. ಮೇಜಿನ ಡ್ರಾಯರಿನಲ್ಲಿ ದಿನಚರಿ ಇತ್ತು, ಅದರಲ್ಲಿ ಗೆರೆ ಎಳೆದ ಮಾತು. ಅದನ್ನು ಗಟ್ಟಿಯಾಗಿ ಓದಿದ್ದರೂ ಸಾಕಿತ್ತು.

“ಮಾಮ…”

“ಏನು ಪುಟ್ಟಿ?”

ಅವರು ನಿಜವಾಗಿಯೂ ಕೇಳಿಸಿಕೊಳ್ಳುವವರ ಹಾಗೆ ಮುಂದಕ್ಕೆ ಬಾಗಿದರು. ಅವಳು ಹೂಜಿಯತ್ತ ಕೈ ಚಾಚಿದಳು.

“ನೀರು ಬೇಕಾ?”

“ಕೊಡಮ್ಮ,” ಎಂದರು ಅವರು.

ಮೂರೂವರೆಗೆ ಎಲ್ಲರೂ ಬಟ್ಟೆ ಬದಲಾಯಿಸಲು ಹೋದಾಗ ಅವಳು ವೇದಿಕೆಗೆ ಹೋದಳು. ಮಾವುತರ ಸ್ಟ್ಯಾಂಡಿನ ಮುಂದೆ ಮಂಡಿಯೂರಿ, ಬ್ಲೇಡಿನ ಮೊನೆಯಿಂದ ಎಂಟನ್ನು ಕೆರೆದಳು. ಪುಡಿ ಊದಿದಳು. ಉಗುರಿನಿಂದ ಕಾಗದ ಉಜ್ಜಿ ನುಣುಪು ಮಾಡಿ, ಅದೇ ಜಾಗದಲ್ಲಿ ಒಂಬತ್ತು ಬರೆದಳು. ಕಾಗದ ಬೆಳಕಿಗೆ ಹಿಡಿದರೂ ಗೊತ್ತಾಗದಂಥ ಕೈಚಳಕ. ಇನ್ನು ಅವರು ಸರಿಯಾಗಿ ಬರುತ್ತಾರೆ. ಬಂದ ಮೇಲೆ ಬೆಳಗಿನದು ಯಾವುದೋ ಆಯಾಸ ಎಂದುಕೊಳ್ಳುತ್ತಾರೆ, ಮೇಷ್ಟ್ರು ಬೆನ್ನು ತಟ್ಟುತ್ತಾರೆ, ಮಾವುತ ಮುಂದಿನ ವಾರವೂ ಬರುತ್ತಾರೆ. ಅವರ ಕಣ್ಣಿನ ಗುಟ್ಟೂ ಉಳಿಯಿತು. ಎಲ್ಲವನ್ನೂ ಒಂದೇ ಒಂದು ಮಾತೂ ಆಡದೆ ಸರಿಮಾಡಿದೆ ಎಂದು, ಅವಳಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ನಾಲ್ಕಕ್ಕೆ ಸಭಾಂಗಣ ತುಂಬಿತು. ಹೂಗುಚ್ಛಗಳೆರಡನ್ನೂ ಎದೆಗವಚಿಕೊಂಡು ಅವಳು ಪಕ್ಕದ ಪರದೆಯ ಮರೆಯಲ್ಲಿ ನಿಂತಳು. ಅಲ್ಲಿಂದ ಮೇಷ್ಟ್ರ ಬೆನ್ನು, ಅಕ್ಕ ತಂಗಿಯರ ಮೊಣಕೈ, ಅವರಾಚೆ ಮಾವುತರ ಇಡೀ ಮುಖ ಕಾಣುತ್ತಿತ್ತು. ಮೊದಲ ಭಾಗ ಮುಗಿಯಿತು. ನಿಧಾನದ ಭಾಗ ಶುರುವಾಯಿತು. ಒಂದೊಂದೇ ವಾದ್ಯ ಸುಮ್ಮನಾಗುತ್ತ ಬಂದು, ಅಕ್ಕ ತಂಗಿ ಮಾತ್ರ ಉಳಿದರು.

ಮಾವುತ ಎಣಿಸಲೆಂದು ಹಾಳೆಯತ್ತ ಬಾಗಿದರು. ಬಾಗಿದವರು ಹಾಗೇ ನಿಂತರು. ಕನ್ನಡಕ ತೆಗೆದು, ಕೋಟಿನ ತೋಳಿಗೆ ಒರೆಸಿ, ಹಾಕಿಕೊಂಡು, ಮತ್ತೆ ಬಾಗಿದರು. ಎಣಿಸುವಾಗ ಅವರ ತುಟಿ ಸಣ್ಣಗೆ ಅಲ್ಲಾಡುವುದು ವಾಡಿಕೆ. ಈಗ ಬಾಯಿ ಸ್ವಲ್ಪ ತೆರೆದೇ ಇತ್ತು, ತುಟಿ ಅಲ್ಲಾಡುತ್ತಿರಲಿಲ್ಲ. ಪರದೆಯ ಮರೆಯಲ್ಲಿ ಅವರ ಪಾಲಿನದನ್ನು ಅವಳೇ ಎಣಿಸತೊಡಗಿದಳು. ಹದಿನೈದು. ಹದಿನಾರು. ಅವರು ಕಮಾನು ಎತ್ತಿದರು. ಹದಿನೆಂಟು. ಹತ್ತೊಂಬತ್ತು. ಈಗ, ಮಾಮ.

ಕಮಾನು ಗಾಳಿಯಲ್ಲೇ ಇತ್ತು. ಅಕ್ಕ ತಂಗಿಯರ ಹಾಡು, ಮೆಟ್ಟಿಲಿದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದೆ ಹೋದವರಂತೆ, ಒಂದು ಕ್ಷಣ ತೂಗಾಡಿ, ತನ್ನನ್ನು ತಾನೇ ಹಿಡಿದುಕೊಂಡು ಮುಂದೆ ಹೋಯಿತು. ಮೇಷ್ಟ್ರ ಭುಜ ಒಮ್ಮೆ ಹಿಂದಕ್ಕೆ ಹೊರಳಿತು. ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣು ಮುಚ್ಚಿ ತಲೆದೂಗುತ್ತಲೇ ಇದ್ದರು. ಬಾಸ್ ಇರಬೇಕಾದ ಜಾಗದಲ್ಲಿ ಏನೂ ಇಲ್ಲವೆಂಬುದು ಆ ನಾನೂರು ಜನರಲ್ಲಿ ಯಾರಿಗೂ ತಿಳಿದಂತಿರಲಿಲ್ಲ. ಮಾವುತ ಕಮಾನನ್ನು ನಿಧಾನವಾಗಿ, ನಿದ್ದೆಯಲ್ಲಿರುವ ಮಗುವನ್ನು ಮಲಗಿಸುವ ಹಾಗೆ, ಕೆಳಗಿಳಿಸಿದರು.

ಚಪ್ಪಾಳೆ ಜೋರಾಗಿಯೇ ಬಿತ್ತು. ಯಾರೋ ಅವಳ ಬೆನ್ನಿಗೆ ಕೈಯಿಟ್ಟು ತಳ್ಳಿದರು. ಹನ್ನೆರಡು ಹೆಜ್ಜೆ ನಡೆದು ಹೂ ಕೊಟ್ಟಳು, ಅಕ್ಕ ಅವಳ ಕೆನ್ನೆ ಮುಟ್ಟಿದರು, ಹನ್ನೆರಡು ಹೆಜ್ಜೆ ವಾಪಸು ಬಂದಳು. ಚಪ್ಪಲಿ ಸದ್ದು ಮಾಡಿತೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ.

ಹಿಂಬದಿಯ ಓಣಿಯಲ್ಲಿ ಮಾವುತ ವಾದ್ಯಕ್ಕೆ ಗವಸು ತೊಡಿಸುತ್ತಿದ್ದರು. ಆ ಓಣಿಯಲ್ಲಿ ಒಂದೇ ಒಂದು ದೀಪ, ಗೋಡೆಗೆ ಒರಗಿಸಿದ ಮುರಿದ ಕುರ್ಚಿಗಳು. ಮೇಷ್ಟ್ರು ಪಿಟೀಲನ್ನು ಕಂಕುಳಲ್ಲಿಟ್ಟುಕೊಂಡು ಪಕ್ಕದಲ್ಲಿ ನಿಂತಿದ್ದರು. ಅವಳು ಉಳಿದವರ ಸ್ವರಹಾಳೆಗಳನ್ನು ತೋಳಿನ ತುಂಬ ಹೊತ್ತು ಬಂದವಳು, ಮೂರು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು.

“ಜನಕ್ಕೆ ಏನೂ ಗೊತ್ತಾಗಿಲ್ಲ, ಬಿಡಿ,” ಎಂದರು ಮೇಷ್ಟ್ರು. “ಆಯಾಸ ಆಗಿರುತ್ತೆ.”

“ಆಯಾಸಕ್ಕೆ ಅಂಕಿ ಬದಲಾಗುತ್ತಾ ಮೇಷ್ಟ್ರೇ?” ಮಾವುತರ ದನಿಯಲ್ಲಿ ಬೇಸರವಿರಲಿಲ್ಲ, ನಿಜವಾಗಿ ಕೇಳುತ್ತಿದ್ದರು. “ಬೆಳಿಗ್ಗೆ ಆ ಹಾಳೇಲಿ ಹದಿನೆಂಟು ಅಂತ ಓದಿದೆ. ಒಂದ್ಸಲ ಅಲ್ಲ, ಮೂರು ಸಲ. ದೇವರಾಣೆಗೂ ಹದಿನೆಂಟು. ಈಗ ನಿಂತು ನೋಡ್ತೀನಿ, ಹತ್ತೊಂಬತ್ತು! ಕನ್ನಡಕ ಒರೆಸಿಕೊಂಡು ನೋಡಿದೆ. ಹತ್ತೊಂಬತ್ತೇ. ಎಣಿಸೋದು ತಪ್ಪೋದು ಒಂದು ಮಾತು. ಇದು ಬೇರೆ ಅಲ್ವಾ?”

ಮೇಷ್ಟ್ರು ಪಿಟೀಲನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದರು.

“ನಮ್ಮಣ್ಣ ಕ್ಯಾಲೆಂಡರ್ ಮುಂದೆ ನಿಂತ್ಕೊಂಡು, ಯಾರೋ ರಾತ್ರಿ ಬಂದು ತಾರೀಕು ತಿದ್ದಿ ಹೋಗಿದ್ದಾರೆ ಅಂತ ಜಗಳ ಆಡ್ತಿದ್ದ. ನಾವು ಬಾಯಿಗೆ ಬಟ್ಟೆ ಇಟ್ಕೊಂಡು ನಗ್ತಿದ್ವಿ.” ಅವರು ಗವಸಿನ ಜಿಪ್ಪನ್ನು ಮೇಲಕ್ಕೆಳೆಯತೊಡಗಿದರು. “ನಾನು ಯಾರ ಮೇಲೂ ದೂರು ಹೇಳಲ್ಲಪ್ಪ. ಹಾಗೆ ಹೇಳೋಕೆ ಶುರು ಮಾಡೋ ಮುಂಚೆ ಮನೆ ಸೇರಿಕೊಳ್ತೀನಿ. ಮಗಳಿಗೆ ಫೋನ್ ಮಾಡಿದೀನಿ, ನಾಳೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾಳಂತೆ.”

ಮೇಷ್ಟ್ರು ಅವರ ತೋಳು ಹಿಡಿದರು. ಹಿಡಿದ ರೀತಿಯೇ ಬೇರೆಯಾಗಿತ್ತು, ರಸ್ತೆ ದಾಟಿಸುವವರ ಹಾಗೆ. ಅದನ್ನು ಅವಳು ನೋಡಿದಳು. ಮಾವುತರೂ ನೋಡಿದರು, ನೋಡಿ ಸುಮ್ಮನೆ ಬಿಟ್ಟುಕೊಟ್ಟರು.

ಅವಳ ಬಾಯಿಂದ ಏನೋ ಹೊರಟಿತು. ಯಾರಿಗೂ ಅರ್ಥವಾಗಲಿಲ್ಲ.

“ಏನಮ್ಮ?” ಮೇಷ್ಟ್ರು ತಿರುಗಿದರು. “ಹಾಳೆಗಳನ್ನ ಒಳಗಿಡು, ಆಮೇಲೆ ಮಾತಾಡೋಣ.”

ಅವಳು ಕದಲಲಿಲ್ಲ. ತೋಳಿನ ಮೇಲಿದ್ದ ಹಾಳೆಗಳು ಒಂದೊಂದಾಗಿ ಜಾರಿ ನೆಲಕ್ಕೆ ಬೀಳುತ್ತಿದ್ದವು. ಎತ್ತಿಕೊಳ್ಳಲು ಬಾಗಿದರೆ ಮುಖ ಮರೆಯಾಗುತ್ತದೆ, ಮುಖ ಮರೆಯಾದರೆ ಮಾತು ಮತ್ತೆ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಾಗಲಿಲ್ಲ.

“ಬೆಳಿಗ್ಗೆ ಹದಿನೆಂಟೇ ಇತ್ತು ಮಾಮ.” ತನ್ನ ದನಿ ಆ ಓಣಿಯಲ್ಲಿ ಅಷ್ಟು ದೊಡ್ಡದಾಗಿ ಕೇಳಿಸಿದ್ದಕ್ಕೆ ಅವಳೇ ಬೆಚ್ಚಿದಳು. “ನಾನು ತಪ್ಪು ಬರೆದಿದ್ದೆ. ಆಮೇಲೆ ಯಾರಿಗೂ ಹೇಳದೆ, ಕೆರೆದು ತಿದ್ದಿದೆ.”

ಅರ್ಧಕ್ಕೆ ಎಳೆದಿದ್ದ ಜಿಪ್ಪನ್ನು ಎರಡು ಬೆರಳಲ್ಲಿ ಹಾಗೇ ಹಿಡಿದುಕೊಂಡು, ಮಾವುತ ಅವಳನ್ನೇ ನೋಡುತ್ತ ನಿಂತರು.